ಹಕ್ಕು, ಗೇಣಿ, ಪಹಣಿ: ಮಂಡ್ಯ ಸೀಮೆಯ ಕಂದಾಯ ಭಾಷೆಗೆ ಪಾರಸಿ ಬಂದ ದಾರಿಗಳು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತಕುಟುಂಬಗಳು ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದಿರುವ ಕಾಗದಪತ್ರಗಳಲ್ಲಿ ಪಹಣಿಗೆ ಮೊದಲ ಸ್ಥಾನ. ಅದರ ಪೂರ್ಣ ಶೀರ್ಷಿಕೆ ‘ಹಕ್ಕು, ಗೇಣಿ ಮತ್ತು ಪಹಣಿ ಪತ್ರಿಕೆ’. ಈ ಶೀರ್ಷಿಕೆಯ ಮೂರು ನಾಮಪದಗಳು ಮೂರು ಮೂಲಗಳಿಂದ ಬಂದವು. ‘ಹಕ್ಕು’ ಅರಬ್ಬಿಯದು, ಪಾರಸಿಯ ಆಡಳಿತಭಾಷೆಯೊಡನೆ ದಕ್ಷಿಣಕ್ಕೆ ಇಳಿದದ್ದು. ‘ಗೇಣಿ’ ಕನ್ನಡದ್ದು. ‘ಪಹಣಿ’ ಮರಾಠಿಯದು, ನೋಡು ಎಂಬರ್ಥದ ‘ಪಾಹಣೆ’ ಕ್ರಿಯಾಪದದಿಂದ ಹುಟ್ಟಿ, ಬೆಳೆಯನ್ನೂ ನೆಲವನ್ನೂ ಕಣ್ಣಾರೆ ಕಂಡು ಬರೆದ ತಪಾಸಣೆ ಎಂಬ ಅರ್ಥ ಪಡೆದದ್ದು. ಪತ್ರಿಕೆಯ ಒಳಗಿನ ಅಂಕಣಗಳಲ್ಲಿ ಖುಷ್ಕಿ, ತರಿ, ಬಾಗಾಯ್ತು, ಖರಾಬು ಮೊದಲಾದ ಪದಗಳು ಕಾಣಸಿಗುತ್ತವೆ. ಆದರೆ ಅದೇ ನೆಲದ ಮೇಲೆ ನಿಂತು ಮಾತನಾಡುವ ರೈತನಿಗೆ ಅವು ಹೊಲ, ಗದ್ದೆ, ತೋಟ.

ಈ ಪದಗಳು ಇತ್ತೀಚಿನ ದಶಕಗಳಲ್ಲಿ ಭಾಷಾಶಾಸ್ತ್ರದ ವಿಷಯವಾಗಿ ಉಳಿಯದೆ ಸಾರ್ವಜನಿಕ ವಾಗ್ವಾದದ ಸಾಮಗ್ರಿಯಾಗಿವೆ. ಟಿಪ್ಪು ಸುಲ್ತಾನನು ಕನ್ನಡವನ್ನು ತಳ್ಳಿ ಪಾರಸಿಯನ್ನು ಹೇರಿದನೆಂಬ ವಾದಕ್ಕೆ ಪುರಾವೆಯಾಗಿ ಒಂದು ಪದಪಟ್ಟಿ ಮತ್ತೆಮತ್ತೆ ಮುಂದಿಡಲ್ಪಡುತ್ತದೆ. ಖಾತೆ, ಪಹಣಿ, ಖಾನೇಸುಮಾರಿ, ತರಿ, ಖುಷ್ಕಿ, ಬಾಗಾಯ್ತು, ಅಮಲ್ದಾರ, ಶಿರಸ್ತೇದಾರ ಇತ್ಯಾದಿ. ಎದುರು ಪಕ್ಷದವರು ಅದೇ ಪಟ್ಟಿಯನ್ನು ಹಿಡಿದು, ಇವೇ ಸುಲ್ತಾನನ ಆಡಳಿತ ಸುಧಾರಣೆಯ ಶಾಶ್ವತ ಕುರುಹುಗಳೆಂದು ಹೊಗಳುತ್ತಾರೆ. ಇಬ್ಬರೂ ಒಂದು ಸಂಗತಿಯನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ: ಈ ಪದಗಳು ಶ್ರೀರಂಗಪಟ್ಟಣದ ಸಿಂಹಾಸನದಿಂದ ಹಳ್ಳಿಗಳಿಗೆ ಹರಿದವು ಎಂಬುದನ್ನು. ಪದಗಳ ಧ್ವನಿರೂಪವನ್ನೂ ಅರ್ಥವನ್ನೂ ಪರಿಶೀಲಿಸಿದರೆ ಈ ಒಪ್ಪಿಗೆ ನಿಲ್ಲುವುದಿಲ್ಲ. ಮಂಡ್ಯ ಸೀಮೆಯ ಕಂದಾಯ ಭಾಷೆಯ ಪಾರಸಿ ಪದಗಳಲ್ಲಿ ಬಹುಪಾಲು ಮರಾಠಿ ಲೆಕ್ಕಪತ್ರದ ದಾರಿಯಿಂದ ಬಂದವು. ಅವುಗಳಲ್ಲಿ ಒಂದು ಗಣನೀಯ ಭಾಗ ಟಿಪ್ಪುವಿನ ಪತನದ ಅನಂತರವೇ ಇಲ್ಲಿ ಬೇರೂರಿತು ಎಂಬುದು ಈ ಲೇಖನದ ನಿಲುವು.

ಅಪ್ಪಣೆಯಾದ ಪದಗಳು, ಉಳಿದ ಪದಗಳು

1610ರಿಂದ 1799ರವರೆಗೆ ಮೈಸೂರು ರಾಜ್ಯದ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣ ಇಂದು ಮಂಡ್ಯ ಜಿಲ್ಲೆಯೊಳಗಿದೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಹೀಗಾಗಿ ಈ ಸೀಮೆಯ ಹಳ್ಳಿಗಳು ರಾಜಧಾನಿಯ ನೆರಳಿನಲ್ಲೇ ಇದ್ದವು. ಮಳವಳ್ಳಿಯನ್ನು ಹೈದರಾಲಿಯು ಮಗ ಟಿಪ್ಪುವಿಗೆ ಜಾಗೀರಾಗಿ ಕೊಟ್ಟಿದ್ದನು. ಅಲ್ಲಿಯ ಕೆರೆಯ ಬಳಿ ಬೆಳೆಸಿದ್ದ ದೊಡ್ಡ ಹಣ್ಣಿನ ತೋಟವನ್ನು 1800ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ವಿವರಿಸಿದ್ದಾನೆ. ಅದೇ ಮಳವಳ್ಳಿಯ ಬಯಲಿನಲ್ಲಿ 1799ರ ಮಾರ್ಚ್ 27ರಂದು ನಡೆದ ಕಾಳಗದಲ್ಲಿ ಟಿಪ್ಪುವಿನ ಸೇನೆ ಹಿಮ್ಮೆಟ್ಟಿತು. ಮೇ 4ರಂದು ರಾಜಧಾನಿ ಬಿದ್ದಿತು. ಪಾರಸಿಯ ಪ್ರಭಾವವು ಆಸ್ಥಾನದಿಂದ ನೇರವಾಗಿ ಹಳ್ಳಿಗೆ ಇಳಿಯಬೇಕಾಗಿದ್ದರೆ ಅದಕ್ಕೆ ಇದಕ್ಕಿಂತ ಹತ್ತಿರದ ನೆಲ ಬೇರೆ ಇರಲಿಲ್ಲ.

ಟಿಪ್ಪುವಿನ ಆಡಳಿತ ಪಾರಸಿಗೆ ಕೊಟ್ಟ ಪ್ರಾಶಸ್ತ್ಯದಲ್ಲಿ ಅನುಮಾನವಿಲ್ಲ. ಅವನ ಕಂದಾಯ ನಿಬಂಧನೆಗಳು ಪಾರಸಿಯಲ್ಲಿ ಹೊರಟವು. ಬರ್ರಿಶ್ ಕ್ರಿಸ್ಪ್ ಮಾಡಿದ ಅವುಗಳ ಇಂಗ್ಲಿಷ್ ಅನುವಾದ 1792ರಲ್ಲೇ ಅಚ್ಚಾಯಿತು. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಪತ್ರಸಂಗ್ರಹದ ಮೂಲವೂ ಪಾರಸಿಯೇ. ಆದರೆ ಈ ಆಡಳಿತ ಸ್ವತಃ ಸೃಷ್ಟಿಸಿದ ಪದಗಳು ಏನಾದವು? ಪ್ರಾಂತಾಧಿಕಾರಿಗೆ ಇಟ್ಟ ‘ಆಸಫ್’ ಎಂಬ ಹುದ್ದೆಯ ಹೆಸರು ಹಳ್ಳಿಯ ನೆನಪಿನಲ್ಲಿ ಇಲ್ಲ. ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಯೂ ಅಹ್ಮದಿ, ಬಹಾರಿ ಮೊದಲಾದ ಹೊಸ ತಿಂಗಳ ಹೆಸರುಗಳೂ ಅವನೊಡನೆ ಮುಗಿದವು. ಇಮಾಮಿ, ಹೈದರಿ, ಜೊಹ್ರಾ ಎಂಬ ನಾಣ್ಯಗಳ ಹೆಸರುಗಳನ್ನು ನಾಣ್ಯಶಾಸ್ತ್ರಜ್ಞರು ಮಾತ್ರ ಬಲ್ಲರು. ಜನ ಹಣ, ವರಹ, ದುಡ್ಡುಗಳಲ್ಲೇ ಎಣಿಸಿದರು. ಊರುಗಳಿಗೆ ಕೊಟ್ಟ ಹೊಸ ಹೆಸರುಗಳ ಗತಿಯೂ ಹೆಚ್ಚುಕಡಿಮೆ ಇದೇ. ದೇವನಹಳ್ಳಿ ಯೂಸುಫಾಬಾದ್ ಆಗಿ ಉಳಿಯಲಿಲ್ಲ, ಚಿತ್ರದುರ್ಗ ಫರ್ರುಖಯಾಬ್ ಹಿಸಾರ್ ಆಗಿ ಉಳಿಯಲಿಲ್ಲ. ಮೈಸೂರಿನ ಬಡಾವಣೆಯೊಂದಕ್ಕೆ ನಜರಬಾದ್, ಸಕಲೇಶಪುರದ ಕೋಟೆಗೆ ಮಂಜರಾಬಾದ್ ಎಂದು ಕೆಲವು ಮಾತ್ರ ಉಳಿದವು.

ಶ್ರೀರಂಗಪಟ್ಟಣದ ದ್ವೀಪದಲ್ಲಂತೂ ಗುಂಬಜ್, ದರಿಯಾ ದೌಲತ್, ಗಂಜಾಂ ಎಂಬ ಹೆಸರುಗಳು ಇಂದಿಗೂ ನಾಲಗೆಯ ಮೇಲಿವೆ. ಗಂಜಾಂ ಟಿಪ್ಪು ಕಟ್ಟಿಸಿದ ಪೇಟೆ. ಸಂತೆ, ಕಣಜ ಎಂಬರ್ಥದ ಪಾರಸಿಯ ‘ಗಂಜ್’ ಅದರಲ್ಲಿದೆ. ಕನ್ನಡದ ಎರವಲು ಪದಗಳಿಗೆ ಕೋಶ ರಚಿಸಿದ ಜಿ. ವೆಂಕಟಸುಬ್ಬಯ್ಯನವರ ಹೆಸರಿನ ಮೊದಲಕ್ಷರ ಇದೇ ಊರಿನದೆಂಬುದು ಕಾಕತಾಳೀಯವಾದರೂ ನೆನೆಯತಕ್ಕದ್ದು. ಆದರೆ ಇವು ಸ್ಥಳನಾಮಗಳು. ಒಂದು ಕಟ್ಟಡಕ್ಕೆ, ಒಂದು ಪೇಟೆಗೆ ಅಂಟಿದವು. ಸಾಮಾನ್ಯ ನಾಮಪದವಾಗಿ ಹಳ್ಳಿಯ ಭಾಷೆಯೊಳಗೆ ಇಳಿಯುವುದು ಬೇರೆಯೇ ಪ್ರಕ್ರಿಯೆ.

ಕನ್ನಂಬಾಡಿಯ ಶಾಸನ ಇಲ್ಲಿ ಒಂದು ಒಳ್ಳೆಯ ಸಾಕ್ಷಿ. ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಟಿಪ್ಪು ಕಾವೇರಿಗೆ ಅಣೆಕಟ್ಟು ಕಟ್ಟಲು ಹೊರಟು ಹಾಕಿಸಿದ ಪಾರಸಿ ಶಿಲಾಲೇಖ, ಕೃಷ್ಣರಾಜಸಾಗರದ ಕಾಮಗಾರಿಯ ಕಾಲದಲ್ಲಿ ಮಣ್ಣಿನಿಂದ ಹೊರಬಂದಿತು. ಹೊಸದಾಗಿ ಸಾಗುವಳಿಗೆ ತಂದ ಭೂಮಿಯ ಕಂದಾಯದಲ್ಲಿ ನಾಲ್ಕನೆಯ ಒಂದು ಪಾಲನ್ನು ದೇವರ ಹೆಸರಿನಲ್ಲಿ ಬಿಡಲಾಗುವುದೆಂದೂ, ಸಾಗುವಳಿ ಮಾಡಿದವನ ಸಂತತಿಗೆ ಆ ಭೂಮಿ ಉಳಿಯುವುದೆಂದೂ ಅದು ಸಾರುತ್ತದೆ. ಇದು ನೇರವಾಗಿ ರೈತನನ್ನು ಉದ್ದೇಶಿಸಿದ ಮಾತು. ಆದರೆ ಹತ್ತಿರದ ಹಳ್ಳಿಯ ರೈತ ಆ ಲಿಪಿಯನ್ನು ಓದಬಲ್ಲವನಾಗಿರಲಿಲ್ಲ. ಅವನಿಗೆ ಸರ್ಕಾರದ ಮಾತು ಮುಟ್ಟುತ್ತಿದ್ದದ್ದು ಶಾನುಭೋಗನ ಬಾಯಿಂದ, ಶಾನುಭೋಗನ ಕಡತದಿಂದ. ಪದಗಳ ಚರಿತ್ರೆಯನ್ನು ಅಲ್ಲಿಯೇ ಹುಡುಕಬೇಕು.

ಧ್ವನಿಯ ಸಾಕ್ಷ್ಯ

ಪಾರಸಿಯ ಒಂದು ಪದ ಕನ್ನಡಕ್ಕೆ ಬರಲು ಮುಖ್ಯವಾಗಿ ಎರಡು ದಾರಿಗಳಿದ್ದವು: ದಖ್ಖನಿ ಉರ್ದು ಮತ್ತು ಮರಾಠಿ. ನೇರ ಪಾರಸಿ ಕಲಿತ ಕನ್ನಡಿಗರ ಸಂಖ್ಯೆ ಯಾವ ಕಾಲದಲ್ಲಿಯೂ ಕಡಿಮೆ. ಕಿಟ್ಟೆಲ್ ತನ್ನ 1894ರ ನಿಘಂಟಿನಲ್ಲಿ ಇಂತಹ ಪದಗಳ ಮುಂದೆ ಹಿಂದೂಸ್ತಾನಿ ಅಥವಾ ಮರಾಠಿ ಎಂದು ಸೂಚಿಸಿ ಈ ಭೇದದ ಮಹತ್ವವನ್ನು ಆಗಲೇ ಗುರುತಿಸಿದ್ದನು. ಮೂಲರೂಪವು ಈ ಎರಡು ಭಾಷೆಗಳಲ್ಲಿ ಬೇರೆಬೇರೆಯಾಗಿ ಬದಲಾದ ಕಡೆ, ಕನ್ನಡ ಯಾವುದನ್ನು ಅನುಸರಿಸಿದೆ ಎಂಬುದು ದಾರಿಯನ್ನು ತೋರಿಸಿಕೊಡುತ್ತದೆ.

‘ಶಿಫಾರಸು’ ತೆಗೆದುಕೊಳ್ಳೋಣ. ಪಾರಸಿಯದು ‘ಸಿಫಾರಿಶ್’, ಉರ್ದುವಿನದೂ ಅದೇ. ಮೊದಲ ಸಕಾರವು ಶಕಾರವಾಗಿ, ಕೊನೆಯ ಶಕಾರವು ಸಕಾರವಾಗಿ ಅದಲುಬದಲಾದದ್ದು ಮರಾಠಿಯಲ್ಲಿ: ‘ಶಿಫಾರಸ’. ಕನ್ನಡದ ರೂಪ ಮರಾಠಿಯ ರೂಪಕ್ಕೆ ಉಕಾರ ಸೇರಿಸಿದ್ದು ಮಾತ್ರ. ಇಂತಹ ವ್ಯತ್ಯಯ ಎರಡು ಭಾಷೆಗಳಲ್ಲಿ ಸ್ವತಂತ್ರವಾಗಿ ನಡೆಯುವ ಸಂಭವ ಬಹಳ ಕಡಿಮೆ. ‘ಫಿರ್ಯಾದು’ ಇನ್ನೊಂದು. ಮೂಲದ ‘ಫರ್ಯಾದ್’ನ ಮೊದಲ ಅಕಾರ ಇಕಾರವಾದದ್ದು ಮರಾಠಿಯಲ್ಲಿ. ‘ಮುಸವ್ವದಾ’ ಎಂಬುದು ಮರಾಠಿಯಲ್ಲಿ ‘ಮಸುದಾ’ ಆಗಿ, ನಮ್ಮ ವಿಧಾನಮಂಡಲದ ‘ಮಸೂದೆ’ ಆಯಿತು. ‘ಗುನಾಹ್’ ಮರಾಠಿಯ ‘ಗುನ್ಹಾ’ ಆಗಿ, ಕನ್ನಡದ ‘ಗುನ್ಹೆ’ ಆಯಿತು. ‘ರುಜುವಾತು’, ‘ಜಾಹೀರಾತು’ ಎಂಬ ರೂಪಗಳೂ ಇದೇ ಅಚ್ಚಿನವು. ವಿವಾದದ ಪಟ್ಟಿಯಲ್ಲಿರುವ ‘ಖಾನೇಸುಮಾರಿ’ಯಲ್ಲಿ ಪಾರಸಿಯ ‘ಶುಮಾರಿ’ ಸಕಾರ ಪಡೆದು ಮರಾಠಿಯ ರೂಪದಲ್ಲೇ ನಿಂತಿದೆ. ನಾವು ದಿನಕ್ಕೆ ಹತ್ತು ಬಾರಿ ಬಳಸುವ ‘ಸುಮಾರು’ ಕೂಡ ಅದರ ಒಡಹುಟ್ಟು. ‘ತಗಾದೆ’, ‘ಕಾಗದ’ಗಳನ್ನು ಇದೇ ಸಾಲಿಗೆ ಸೇರಿಸುವ ಆಸೆಯಾಗುತ್ತದೆ. ಆದರೆ ಜಕಾರದ ಬದಲು ದಕಾರವಿರುವ ರೂಪಗಳು ಹಿಂದಿಯ ಆಡುನುಡಿಗಳಲ್ಲಿಯೂ ಇರುವುದರಿಂದ ಅವು ದುರ್ಬಲ ಸಾಕ್ಷಿಗಳು.

ದಖ್ಖನಿಯ ದಾರಿಗೆ ತನ್ನದೇ ಗುರುತಿದೆ. ಅರಬ್ಬಿ-ಪಾರಸಿಯ ಗಂಟಲ ಕಕಾರವನ್ನು ದಖ್ಖನಿ ಘರ್ಷ ಖಕಾರವಾಗಿ ಉಚ್ಚರಿಸುತ್ತದೆ: ಕಲಮ್ ಅಲ್ಲಿ ಖಲಮ್. ಶ್ರೀರಂಗಪಟ್ಟಣದ ಆಡುಮಾತಿನಿಂದ ನಮ್ಮ ಕಂದಾಯದ ಪದಗಳು ಬಂದಿದ್ದರೆ ಖರಾರು, ಖಿಸ್ತು, ಖಾಯಿದೆ, ಖಬೂಲು ಎಂಬ ರೂಪಗಳನ್ನು ನಿರೀಕ್ಷಿಸಬೇಕಿತ್ತು. ನಮ್ಮಲ್ಲಿರುವುದು ಕರಾರು, ಕಿಸ್ತು, ಕಾಯಿದೆ, ಕಬೂಲು. ಅಪವಾದಗಳೂ ಇವೆ. ಕಾಯಂ–ಖಾಯಂ, ಕೈದಿ–ಖೈದಿ ಎರಡೆರಡು ರೂಪಗಳೂ ಬರೆಹದಲ್ಲಿವೆ. ಖಕಾರದ ರೂಪಗಳು ದಖ್ಖನಿಯ ಪ್ರಭಾವವಿರಬಹುದು. ಅನ್ಯದೇಶ್ಯ ಪದಕ್ಕೆ ಮಹಾಪ್ರಾಣವೇ ಶೋಭೆಯೆಂದು ಭಾವಿಸಿದ ಬರಹಗಾರರ ಅತಿಶುದ್ಧಿಯೂ ಇರಬಹುದು. ಎರಡನೆಯದನ್ನೇ ಹೆಚ್ಚು ಸಂಭವನೀಯವೆಂದು ಭಾವಿಸುತ್ತೇನೆ. ಏಕೆಂದರೆ ಈ ಸೀಮೆಯ ಹಳ್ಳಿಯ ಮಾತಿನಲ್ಲಿ ಮಹಾಪ್ರಾಣವೇ ಇಲ್ಲದಿರುವಾಗ, ಈ ಭೇದ ಲೇಖನಿಯ ತುದಿಯಲ್ಲಿ ಹುಟ್ಟಿದ್ದೆನ್ನುವುದು ಸಹಜ.

ಇಲ್ಲಿ ಪಟ್ಟಿಯ ಪ್ರಾಥಮಿಕ ದೋಷವೊಂದನ್ನೂ ಹೇಳಬೇಕು. ಪಹಣಿ ಪಾರಸಿಯಲ್ಲ. ಕಚೇರಿ ಪಾರಸಿಯಲ್ಲ. ಖಾತೆಯನ್ನು ಪಾರಸಿಯೆನ್ನಲು ಆಧಾರ ದುರ್ಬಲ. ಅಳತೆಯ ‘ಮೋಜಿಣಿ’, ಹಿಡುವಳಿ ಸೀಳುವ ‘ಪೋಡಿ’ಗಳು ಅಚ್ಚ ಮರಾಠಿ. ಇವು ಪಾರಸಿ ಪದಗಳ ನಡುವೆ ಕುಳಿತಿರುವುದರಿಂದ ಪಾರಸಿಯೆಂಬಂತೆ ಕಾಣುತ್ತವೆ. ಆ ಸಹವಾಸವೇ ಈ ಪದಗಳು ಒಂದೇ ಕಡತದಿಂದ ಬಂದವೆಂಬುದಕ್ಕೆ ಸಾಕ್ಷಿ.

ಮೂರು ಪದರ

ಮರಾಠಿಯ ಮುದ್ರೆ ಇರುವುದರಿಂದಲೇ ಪದವು ಟಿಪ್ಪುವಿನ ಅನಂತರದ್ದೆಂದು ತೀರ್ಮಾನಿಸುವಂತಿಲ್ಲ. ಮರಾಠಿ ಲೆಕ್ಕದವರು ಇಲ್ಲಿಗೆ ಬಂದದ್ದು ಬಹಳ ಹಿಂದೆ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಗೆದ್ದ ಬಳಿಕ ಅದು ಶಹಾಜಿಯ ಜಾಗೀರಾಯಿತು. ಬಿಜಾಪುರದ ಆಡಳಿತದಲ್ಲಿ ಪಾರಸಿ ಪದಸಂಪತ್ತನ್ನು ಮೈಗೂಡಿಸಿಕೊಂಡಿದ್ದ ಮರಾಠಿ ಬರೆಹಗಾರರು ಅವನೊಡನೆ ದಕ್ಷಿಣಕ್ಕೆ ಬಂದರು. ಶ್ರೀರಂಗಪಟ್ಟಣ ಆ ದಾಳಿಯನ್ನು ಕಂಠೀರವ ನರಸರಾಜನ ಕಾಲದಲ್ಲಿ ಹಿಮ್ಮೆಟ್ಟಿಸಿತಾದರೂ ಲೆಕ್ಕದ ಭಾಷೆಯನ್ನು ಕೋಟೆಯ ಗೋಡೆ ತಡೆಯಲಿಲ್ಲ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯನು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದಾಗ ಅದಕ್ಕೆ ಬಂದ ಹೆಸರು ‘ಅಠಾರಾ ಕಚೇರಿ’. ಔರಂಗಜೇಬನ ಆಸ್ಥಾನಕ್ಕೆ ಹೋಗಿ ಬಂದ ನಿಯೋಗದ ಅನಂತರ ಈ ವ್ಯವಸ್ಥೆ ರೂಪುಗೊಂಡಿತೆಂಬುದು ವಿಲ್ಕ್ಸ್ ಮತ್ತು ರೈಸರ ಗ್ರಂಥಗಳಲ್ಲಿ ಬರುವ ವಿವರಣೆ. ಕನ್ನಡ ಕವಿಗಳಿಗೆ ಆಶ್ರಯವಿತ್ತ, ಸ್ವತಃ ಕನ್ನಡದಲ್ಲಿ ಬರೆದನೆಂದು ಖ್ಯಾತನಾದ ಅರಸನ ಆಡಳಿತದ ಹೃದಯಕ್ಕೆ ಹದಿನೆಂಟು ಎಂಬ ಕನ್ನಡ ಸಂಖ್ಯೆ ಸಲ್ಲಲಿಲ್ಲ! ಹೈದರನು ಅಧಿಕಾರ ಹಿಡಿಯುವುದಕ್ಕೆ ಅರುವತ್ತು ವರ್ಷಗಳ ಮುಂಚಿನ ಮಾತಿದು.

ಆದ್ದರಿಂದ ಮೊದಲ ಪದರವನ್ನು ಹದಿನೇಳನೆಯ ಶತಮಾನದಿಂದ ಎಣಿಸಬೇಕು. ಜಮೀನು, ಇನಾಮು, ಬಾಕಿ, ವಸೂಲಿ, ಹಾಜರು, ಸರ್ಕಾರ ಮುಂತಾದ ವ್ಯಾಪಕ ಪದಗಳನ್ನು ಈ ಪದರದಲ್ಲಿ ಇರಿಸಲು ಅಡ್ಡಿಯಿಲ್ಲ.

ಎರಡನೆಯದು ಹೈದರ್–ಟಿಪ್ಪುಗಳ ಪದರ. ಇದಕ್ಕೆ ಸೇರಬೇಕಾದುವನ್ನು ಸೇರಿಸಲು ಹಿಂಜರಿಯಬಾರದು. ಖುಷ್ಕಿ ಮತ್ತು ತರಿ ಈ ವಿಚಾರದಲ್ಲಿ ಅತ್ಯಂತ ಕುತೂಹಲಕರ. ಪಾರಸಿಯಲ್ಲಿ ಖುಷ್ಕಿ ಎಂದರೆ ಶುಷ್ಕತೆ, ತರಿ ಎಂದರೆ ತೇವ. ಖುಷ್ಕ್ ಮತ್ತು ಸಂಸ್ಕೃತದ ಶುಷ್ಕ ಎರಡೂ ಒಂದೇ ಇಂಡೋ-ಇರಾನಿ ಮೂಲದವು. ಮುಂಬಯಿ ಪ್ರಾಂತದ ಮರಾಠಿ ದಾಖಲೆಗಳಲ್ಲಿ ಮಳೆಯಾಶ್ರಿತ ಭೂಮಿಗೆ ‘ಜಿರಾಯತ’ ಎಂಬ ಪದ. ಧಾರವಾಡ, ಬೆಳಗಾವಿ ಕಡೆಯ ಕನ್ನಡ ದಾಖಲೆಗಳೂ ಅದನ್ನೇ ಬಳಸಿದವು. ಖುಷ್ಕಿ–ತರಿ ಜೋಡಿಯನ್ನು ನಮ್ಮೊಡನೆ ಹಂಚಿಕೊಂಡಿರುವುದು ನಿಜಾಮನ ಹೈದರಾಬಾದು. ಎಂದರೆ ಇವು ಮುಂಬಯಿಯ ಮರಾಠಿಯಿಂದ ಬಂದವಲ್ಲ. ದಖ್ಖನದ ಪಾರಸಿ ಆಡಳಿತದ ಸಮಾನ ಪರಂಪರೆಯಿಂದ ಬಂದವು. ಇದನ್ನು ಟಿಪ್ಪುವಿನ ಕಾಲಕ್ಕೆ ಕಟ್ಟುವವರ ಮಾತಿನಲ್ಲಿ ಇಷ್ಟು ಸತ್ಯಾಂಶವಿದೆ. ಆದರೆ ಅದೇ ಸಾಲಿನ ಮೂರನೆಯ ಪದವಾದ ‘ಬಾಗಾಯ್ತು’ ಬೇರೆ ಕಥೆ ಹೇಳುತ್ತದೆ. ಪಾರಸಿಯ ‘ಬಾಗ್’ಗೆ ಅರಬ್ಬಿ ಬಹುವಚನ ಪ್ರತ್ಯಯ ಸೇರಿದ ‘ಬಾಗಾತ್’ ರೂಪವೇ ಹೈದರಾಬಾದಿನ ದಾಖಲೆಗಳಲ್ಲಿ ಬಳಕೆಯಾದದ್ದು. ನಡುವೆ ಯಕಾರ ತುರುಕಿಕೊಂಡ ‘ಬಾಗಾಯತ’ ಮರಾಠಿಯದು. ಪಹಣಿಯ ಒಂದೇ ಅಂಕಣದಲ್ಲಿ ಒಂದರ ಪಕ್ಕ ಒಂದು ಅಚ್ಚಾಗುವ ಮೂರು ಪದಗಳಲ್ಲಿ ಎರಡು ಒಂದು ದಾರಿಯವು, ಒಂದು ಇನ್ನೊಂದು ದಾರಿಯದು.

ರೇಷ್ಮೆಯನ್ನೂ ಎರಡನೆಯ ಪದರದೊಡನೆ ಹೆಸರಿಸಬೇಕು. ಟಿಪ್ಪು ಬಂಗಾಳದಿಂದ ರೇಷ್ಮೆಹುಳು ತರಿಸಲು ಮಾಡಿದ ಯತ್ನಗಳು ಅವನ ಪತ್ರಗಳಲ್ಲಿ ದಾಖಲಾಗಿವೆ. ಮಳವಳ್ಳಿ, ಮದ್ದೂರು ಕಡೆ ಇಂ‍ದಿಗೂ ಹುಳು ಸಾಕುವ ಮನೆಗಳಿವೆ. ಹಳೆಗನ್ನಡಕ್ಕೆ ಪಟ್ಟೆ, ದುಕೂಲಗಳು ಗೊತ್ತಿದ್ದವು; ಆದರೆ ಈ ಕಸುಬಿಗೆ ನಿಂತ ಹೆಸರು ಪಾರಸಿಯ ‘ರೇಶಮ್’ನಿಂದ ಬಂದ ರೇಷ್ಮೆ. ಸೋಜಿಗವೆಂದರೆ ವಸ್ತುವಿನ ಹೆಸರು ಮಾತ್ರ ಹೊರಗಿನದು. ಹಿಪ್ಪುನೇರಳೆ, ಗೂಡು, ಹುಳು, ಚಂದ್ರಿಕೆ ಎಂದು ಕೆಲಸದ ಪದಗಳೆಲ್ಲ ಒಳಗಿನವು.

ಮೂರನೆಯ ಪದರ 1799ರ ಅನಂತರದ್ದು. ನನ್ನ ದೃಷ್ಟಿಯಲ್ಲಿ ಹಳ್ಳಿಯನ್ನು ಅತಿ ಆಳವಾಗಿ ತಟ್ಟಿದ್ದು ಇದೇ. ಹೈದರ್, ಟಿಪ್ಪು ಇಬ್ಬರ ಬಳಿಯೂ ಲೆಕ್ಕಪತ್ರ ನೋಡಿದ್ದ ಪೂರ್ಣಯ್ಯನೇ ಹೊಸ ರಾಜ್ಯದ ದಿವಾನನಾದನು. ಸಿಂಹಾಸನ ಬದಲಾಯಿತು, ಕಡತ ಬದಲಾಗಲಿಲ್ಲ. ಕಂದಾಯ ಕಚೇರಿಗಳಲ್ಲಿ ಮರಾಠಿ ಬಲ್ಲ ದೇಶಸ್ಥ ಅಧಿಕಾರಿಗಳ ಪ್ರಾಬಲ್ಯ ಮುಂದುವರಿಯಿತು. 1831ರಿಂದ 1881ರವರೆಗಿನ ಕಮಿಷನರ ಆಳ್ವಿಕೆಯ ನಡುವೆ, 1863ರಲ್ಲಿ, ಮೈಸೂರಿನಲ್ಲಿ ಮುಂಬಯಿ ಮಾದರಿಯ ಸರ್ವೆ ಮತ್ತು ಕಂದಾಯ ನಿಗದಿಯ ಇಲಾಖೆ ಆರಂಭವಾಯಿತು. ಪ್ರತಿಯೊಂದು ಹೊಲಕ್ಕೂ ಸಂಖ್ಯೆ, ಕಲ್ಲು, ನಕ್ಷೆ, ದರ ನಿಗದಿಯಾದದ್ದು ಆಗ. ಅದರೊಡನೆ ಬಂದವು ‘ಆಕಾರಬಂದ್’ (ಕಂದಾಯದ ಆಕರಣೆಗೆ ಮರಾಠಿಯ ಆಕಾರ, ಪಟ್ಟಿಗೆ ಪಾರಸಿಯ ಬಂದ್), ‘ಹದ್ದುಬಸ್ತು’ (ಎಲ್ಲೆಗೆ ಅರಬ್ಬಿಯ ಹದ್, ಕಟ್ಟಿದ್ದಕ್ಕೆ ಪಾರಸಿಯ ಬಸ್ತ), ಪೋಡಿ, ಖರಾಬು. ಕಂಪನಿಯ ನ್ಯಾಯಾಲಯಗಳಲ್ಲಿ ಪಾರಸಿಯ ಅಧಿಕೃತ ಸ್ಥಾನ 1837ರಲ್ಲೇ ರದ್ದಾಗಿತ್ತು. ಅದಾಗಿ ಇಪ್ಪತ್ತಾರು ವರ್ಷಗಳ ಬಳಿಕ, ಇಂಗ್ಲಿಷ್ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ, ಮರಾಠಿ ಬರೆಹಗಾರರ ಕೈಯಿಂದ, ಕನ್ನಡ ಹಳ್ಳಿಗಳ ಗದ್ದೆಬದುಗಳ ಮೇಲೆ ಪಾರಸಿ ಪದಗಳು ಇಳಿದವು.

‘ರಾಜೀನಾಮೆ’ಯ ಅರ್ಥಚರಿತ್ರೆ ಈ ಪದರವನ್ನು ನಿಚ್ಚಳವಾಗಿ ತೋರಿಸುತ್ತದೆ. ಪಾರಸಿಯಲ್ಲಿ, ಉರ್ದುವಿನಲ್ಲಿ ಇದು ಒಪ್ಪಿಗೆಯ ಪತ್ರ, ವ್ಯಾಜ್ಯದ ರಾಜಿಪತ್ರ. ಹುದ್ದೆ ಬಿಡುವುದಕ್ಕೆ ಉರ್ದು ‘ಇಸ್ತೀಫಾ’ ಎನ್ನುತ್ತದೆ. ಮುಂಬಯಿ ಪದ್ಧತಿಯಲ್ಲಿ ರೈತನು ತನ್ನ ಸರ್ವೆ ನಂಬರನ್ನು ಸರ್ಕಾರಕ್ಕೆ ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದ ಕಾಗದಕ್ಕೆ ರಾಜೀನಾಮೆ ಎಂದೂ, ಹೊಸಬನು ಅದನ್ನು ವಹಿಸಿಕೊಂಡು ಬರೆಯುತ್ತಿದ್ದುದಕ್ಕೆ ಕಬೂಲಾಯತಿ ಎಂದೂ ಹೆಸರು. ತನ್ನ ಒಪ್ಪಿಗೆಯಿಂದ ಬಿಡುವುದೆಂಬ ಅರ್ಥದಿಂದ ಬಿಡುವುದೆಂಬ ಅರ್ಥವಷ್ಟೇ ಉಳಿದು, ನೆಲದಿಂದ ಹುದ್ದೆಗೆ ಜಿಗಿಯಿತು. ಇಂದು ಮಂತ್ರಿ ರಾಜೀನಾಮೆ ಕೊಟ್ಟನೆಂದು ಪತ್ರಿಕೆ ಬರೆಯುವಾಗ ಆ ಪದದಲ್ಲಿ ಹೊಲ ಬಿಟ್ಟ ರೈತನಿದ್ದಾನೆ. ‘ರುಜು’ವೂ ಹೀಗೆಯೇ. ಅರಬ್ಬಿಯಲ್ಲಿ ಹಿಂದಿರುಗುವುದು, ಮರಾಠಿ ಲೆಕ್ಕದಲ್ಲಿ ಮೂಲದೊಡನೆ ತಾಳೆ ನೋಡುವುದು, ತಾಳೆ ನೋಡಿದ್ದಕ್ಕೆ ಹಾಕುವ ಗುರುತು ಕನ್ನಡದಲ್ಲಿ ಸಹಿ.

ಹೋಲಿಕೆಗೆ ಮಹಾರಾಷ್ಟ್ರದ್ದೇ ಒಂದು ಪ್ರಸಂಗವಿದೆ. ಶಿವಾಜಿಯ ಕಾಲದಲ್ಲಿ ರಘುನಾಥ ಪಂಡಿತನು ‘ರಾಜವ್ಯವಹಾರಕೋಶ’ ರಚಿಸಿ ಪಾರಸಿ ಆಡಳಿತಪದಗಳಿಗೆ ಸಂಸ್ಕೃತ ಪರ್ಯಾಯ ಕೊಟ್ಟನು. ಅರಸನ ಬೆಂಬಲವಿದ್ದರೂ ಪೇಶ್ವೆಗಳ ದಫ್ತರಗಳಲ್ಲಿ ಪಾರಸಿ ಪದಗಳೇ ಮುಂದುವರಿದವು. ಅಲ್ಲಿ ಸಂಸ್ಕೃತದ, ಇಲ್ಲಿ ಟಿಪ್ಪುವಿನ ಹೊಸ ಪಾರಸಿಯ ಅಪ್ಪಣೆಗಳೆರಡೂ ಒಂದೇ ಕಡೆ ಸೋತವು: ಮುಂದಿನ ವರ್ಷದ ಲೆಕ್ಕವನ್ನು ಹಿಂದಿನ ವರ್ಷದ ಲೆಕ್ಕದೊಡನೆ ಹೊಂದಿಸಬೇಕಾದ ಗುಮಾಸ್ತನ ಮೇಜಿನಲ್ಲಿ.

ಕೆಲಸದ ಮಾತು, ಲೆಕ್ಕದ ಮಾತು

ಎರವಲು ಎಲ್ಲಿ ನಿಂತಿತೆಂಬುದೂ ಎಲ್ಲಿಗೆ ಬಂದಿತೆಂಬಷ್ಟೇ ಮುಖ್ಯ. ಈ ಸೀಮೆಯ ನೀರಾವರಿಯ ಪದಗಳನ್ನು ನೋಡಿದರೆ ಕೆರೆ, ಕಟ್ಟೆ, ಏರಿ, ತೂಬು, ಕೋಡಿ, ನೀರಗಂಟಿ. ಉಳುಮೆಯಲ್ಲಿ ನೇಗಿಲು, ನೊಗ, ಕುಂಟೆ. ಬೆಲ್ಲ ತಯಾರಿಸುವ ಆಲೆಮನೆಯಲ್ಲಿ ಗಾಣ, ಕೊಪ್ಪರಿಗೆ, ಅಚ್ಚು. ಪಾರಸಿ ಇಲ್ಲಿ ಕಾಲಿಟ್ಟಿಲ್ಲ. ಬೆಳೆ ಕೊಯ್ದು ಅದರ ಲೆಕ್ಕ ಆರಂಭವಾದೊಡನೆ ಫಸಲು, ಹಂಗಾಮು, ಕಿಸ್ತು, ಬಾಕಿ, ವಸೂಲಿ, ಜಪ್ತಿ ಸಾಲುಗಟ್ಟುತ್ತವೆ. ವಿಶ್ವೇಶ್ವರಯ್ಯ ನಾಲೆಯೆಂದು ಇಂದು ಕರೆಯುವ ಇರ್ವಿನ್ ನಾಲೆಯ ನೀರು 1930ರ ದಶಕದಲ್ಲಿ ಹುಲಿಕೆರೆ ಸುರಂಗವನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹರಿದಾಗ ರೈತನ ಮಾತಿನಲ್ಲಿ ಹೊಲ ಗದ್ದೆಯಾಯಿತು. ಕಡತದಲ್ಲಿ ಖುಷ್ಕಿ ತರಿಯಾಯಿತು, ಹಾಗೆಯೇ ಕಂದಾಯದ ದರವೂ ಏರಿತು. ಒಂದೇ ಘಟನೆಗೆ ಎರಡು ವಾಕ್ಯ, ಎರಡು ಶಬ್ದಕೋಶ.

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಾಗ ಆಲೆಮನೆಯ ಪಕ್ಕದಲ್ಲಿ ‘ಸಕ್ಕರೆ ಕಾರ್ಖಾನೆ’ ಎದ್ದಿತು. ಈ ಸಮಾಸದಲ್ಲಿ ಎರಡು ದಿಕ್ಕಿನ ಪ್ರಯಾಣವಿದೆ. ಸಕ್ಕರೆ ಪ್ರಾಕೃತದಿಂದ ಕನ್ನಡಕ್ಕೆ ಬಂದದ್ದು. ಅದೇ ಮೂಲಪದ ಪಶ್ಚಿಮಕ್ಕೆ ಹೋಗಿ ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ ಯುರೋಪನ್ನು ಮುಟ್ಟಿತು. ಕಾರ್ಖಾನೆಯಾದರೋ ಪಾರಸಿಯಿಂದ ಇತ್ತ ಬಂದದ್ದು. ಆ ಕಾರ್ಖಾನೆಯ ‘ಷೇರುದಾರ’ನಲ್ಲಿ ಇಂಗ್ಲಿಷ್ ಪ್ರಕೃತಿಗೆ ಪಾರಸಿ ಪ್ರತ್ಯಯ ಸೇರಿದೆ.

‘-ದಾರ’ ಪ್ರತ್ಯಯದ ಉತ್ಪಾದಕತೆ ವ್ಯಾಕರಣದ ದೃಷ್ಟಿಯಿಂದ ಇಡೀ ಎರವಲಿನ ಅತಿ ದೊಡ್ಡ ಫಲ. ಹಿಡುವಳಿದಾರ, ಗೇಣಿದಾರ, ಪಾಲುದಾರ, ಗುತ್ತಿಗೆದಾರ, ತೆರಿಗೆದಾರ ಎಂದು ಅದು ದೇಶ್ಯ ಪ್ರಕೃತಿಗಳಿಗೆ ಸಲೀಸಾಗಿ ಹತ್ತುತ್ತದೆ. ಸಂಸ್ಕೃತದ ಕಾರದಿಂದ ಬಂದ ‘-ಗಾರ’ ಆಗಲೇ ಇದ್ದು, ಸಾಲಗಾರ, ಮೋಸಗಾರ ಮುಂತಾದುವನ್ನು ರೂಪಿಸುತ್ತಿದ್ದುದು ಇದಕ್ಕೆ ನೆಲ ಹದಮಾಡಿತ್ತು. ಎರಡರ ನಡುವೆ ಅರ್ಥದ ಹಂಚಿಕೆಯೂ ಆಗಿದೆ. ಸ್ವಭಾವಕ್ಕೆ, ಕಸುಬಿಗೆ ‘-ಗಾರ’. ಕಾನೂನಿನ ಸಂಬಂಧಕ್ಕೆ, ಹಕ್ಕಿಗೆ ‘-ದಾರ’. ಇದಕ್ಕೆ ವ್ಯತಿರಿಕ್ತವಾಗಿ ಬೇ-, ಗೈರು-, ನಾ- ಎಂಬ ಪೂರ್ವಪ್ರತ್ಯಯಗಳು ಬೇಜವಾಬ್ದಾರಿ, ಗೈರುಹಾಜರಿ, ನಾಲಾಯಕ್ಕುಗಳಲ್ಲಿ ತಮ್ಮ ಬಳಗದೊಡನೆಯೇ ಇದ್ದುಬಿಟ್ಟವು. ಕನ್ನಡ ಪ್ರಕೃತಿಯ ಮುಂದೆ ನಿಲ್ಲುವ ಧೈರ್ಯ ಮಾಡಲಿಲ್ಲ. ಪ್ರತ್ಯಯವನ್ನು ಕೊನೆಯಲ್ಲಿ ಹಚ್ಚುವ ದ್ರಾವಿಡ ಭಾಷೆಗೆ ಕೊನೆಯದು ಒಗ್ಗಿತು, ಮೊದಲಿನದು ಒಗ್ಗಲಿಲ್ಲ. 1974ರ ಭೂಸುಧಾರಣೆಯ ಕಾಲದ ಘೋಷಣೆ ‘ಉಳುವವನೇ ಹೊಲದೊಡೆಯ’. ಅದನ್ನು ನಂಬಿ ನಮೂನೆ 7 ತುಂಬಿದವನು ಮಾತ್ರ ಕಾನೂನಿನ ಕಣ್ಣಿಗೆ ಗೇಣಿದಾರ. ಘೋಷಣೆ ಕನ್ನಡದ್ದು, ಅರ್ಜಿ ಪಾರಸಿಯದು.

ಸ್ವಾತಂತ್ರ್ಯಾನಂತರದ ಕನ್ನಡೀಕರಣವೂ ಈ ಹಂಚಿಕೆಯನ್ನು ಅಷ್ಟಾಗಿ ಕದಲಿಸಿಲ್ಲ. ಶಾನುಭೋಗಿಕೆ 1960ರ ದಶಕದಲ್ಲಿ ರದ್ದಾಗಿ ಗ್ರಾಮಲೆಕ್ಕಿಗ ಬಂದನು. ಹಳೆಯ ಮೈಸೂರಿನ ಅಮಲ್ದಾರನ ಜಾಗಕ್ಕೆ ರಾಜ್ಯ ಏಕೀಕರಣದ ಅನಂತರ ತಹಸೀಲ್ದಾರ ಬಂದನು. ಪಾರಸಿ ಹೋಗಿ ಪಾರಸಿಯೇ ಬಂದಿತು. ತಾಲ್ಲೂಕಿನ ಕೇಂದ್ರ ಹೋಬಳಿ ಮಂಡ್ಯದಲ್ಲೂ ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ‘ಕಸಬಾ’ ಹೋಬಳಿಯೇ. ಅರಬ್ಬಿಯಲ್ಲಿ ಪಟ್ಟಣವೆಂಬ ಈ ಪದದ ಮೊದಲಕ್ಷರ ಗಂಟಲ ಕಕಾರ. ದುಡಿಮೆಯೆಂಬ ‘ಕಸಬು’ವಿನದು ಸಾದಾ ಕಕಾರ. ಕನ್ನಡದಲ್ಲಿ ಆ ಭೇದ ಅಳಿದು, ಕೊನೆಯ ಸ್ವರವೊಂದೇ ಅವನ್ನು ಬೇರ್ಪಡಿಸುತ್ತಿದೆ.

ಪದ ಎಷ್ಟು ಒಳಗಿನದಾಗಿದೆ ಎಂದು ಅಳೆಯಲು ಈ ಸೀಮೆಯ ಆಡುಮಾತು ಒಂದು ಒರೆಗಲ್ಲು ಕೊಡುತ್ತದೆ. ಹಳಗನ್ನಡದ ಪಕಾರ ಹಕಾರವಾಗಿ, ಪಾಲು ಹಾಲಾದ ಬಳಿಕ ಹಕಾರಾದಿ ಪದಗಳು ಕನ್ನಡದಲ್ಲಿ ತುಂಬಿದ್ದವು. ಹಕ್ಕು, ಹಾಜರು, ಹುಕುಂ, ಹಂಗಾಮುಗಳು ಆ ಗುಂಪಿನಲ್ಲಿ ಗುರುತು ಸಿಗದಂತೆ ಬೆರೆತವು. ಹಾಲನ್ನು ‘ಆಲು’ ಎನ್ನುವ ಮಂಡ್ಯದ ನಾಲಗೆ ಹಕ್ಕನ್ನೂ ‘ಅಕ್ಕು’ ಎನ್ನುತ್ತದೆ. ಖುಷ್ಕಿಯನ್ನು ‘ಕುಸ್ಕಿ’, ಫಸಲನ್ನು ‘ಪಸ್ಲು’ ಎನ್ನುತ್ತದೆ. ತರಿಗೆ ಏನೂ ಮಾಡಬೇಕಾಗಿಲ್ಲ. ಕಡಿ ಎಂಬರ್ಥದ ಕನ್ನಡ ಧಾತುವಿನೊಡನೆ ಅದು ಧ್ವನಿಯಲ್ಲಿ ಏಕವಾಗಿದೆ. ಬರೆಹದ ಕಡೆಯಲ್ಲಿ ‘ಹಕ್ಕೊತ್ತಾಯ’ ಎಂಬ ಹೊಸ ಸಮಾಸ ಲೋಪಸಂಧಿಯನ್ನು ಅಚ್ಚುಕಟ್ಟಾಗಿ ಪಾಲಿಸಿದೆ. ಕನ್ನಡಪರ ಸಂಘಟನೆಗಳು ತಮ್ಮ ಬೇಡಿಕೆಗಳನ್ನು ಮಂಡಿಸುವುದೂ ಅದೇ ಪದದಿಂದ.

ಇಂದು ಈ ಮೂರು ತಾಲ್ಲೂಕು ಕಚೇರಿಗಳಲ್ಲಿ ಅತಿ ಹೆಚ್ಚು ಕೇಳಿಬರುವ ಪಾರಸಿ ನುಡಿಗಟ್ಟು ‘ಬಗರ್ ಹುಕುಂ’. ಹುಕುಂ, ಅಂದರೆ ಅಪ್ಪಣೆ, ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರ ಸಾಗುವಳಿಗೆ ಈ ಹೆಸರು. ಮೂಲದ ‘ಬ-ಗೈರ್’ನ ಐಕಾರ ಅಕಾರವಾಗಿರುವುದು ಇಲ್ಲೂ ಮರಾಠಿಯ ‘ಬಗರ್’ ರೂಪವನ್ನೇ ಅನುಸರಿಸಿದೆ. ಕರ್ನಾಟಕ ಭೂಕಂದಾಯ ಕಾಯಿದೆಯ ಅಡಿಯಲ್ಲಿ ಇದನ್ನು ಸಕ್ರಮಗೊಳಿಸಲು ನಮೂನೆ 50, ಬಳಿಕ 53, ಬಳಿಕ 57ರಲ್ಲಿ ಅರ್ಜಿಗಳನ್ನು ಕರೆಯಲಾಯಿತು. ನಮೂನೆ, ಅರ್ಜಿ, ಕಾಯಿದೆ, ಜಮೀನು, ಮಂಜೂರು, ತಕರಾರು: ಸರದಿಯಲ್ಲಿ ನಿಂತ ಅರ್ಜಿದಾರ ಗುಮಾಸ್ತನೊಡನೆ ಆಡುವ ಎರಡು ವಾಕ್ಯದಲ್ಲಿ ಇವೆಲ್ಲ ಬಂದುಹೋಗುತ್ತವೆ. ಅವನ ಬಾಯಲ್ಲಿ ಬಗರ್ ಹುಕುಂ ಎರಡು ಪದವಲ್ಲ. ಹಕಾರ ಬಿದ್ದು, ರೇಫಕ್ಕೆ ಉಕಾರ ಕೂಡಿ ‘ಬಗರುಕುಂ’ ಎಂಬ ಒಂದೇ ಪದ. ಅದಕ್ಕೆ ಅವನು ಷಷ್ಠಿ ಪ್ರತ್ಯಯವನ್ನೂ ಹಚ್ಚುತ್ತಾನೆ, ‘ಬಗರುಕುಮ್ಮಿನ ಜಮೀನು’ ಎನ್ನುತ್ತಾನೆ. ಅರ್ಜಿ ಮಂಜೂರಾದರೆ ಅವನ ಕೈಗೆ ಬರುವ ಕಾಗದದ ಹೆಸರು ‘ಸಾಗುವಳಿ ಚೀಟಿ’.